ಹೊಗೆಗುಡ್ಡದ ಊರು, ಒಂದು ಒಣ ತೆಂಗಿನಕಾಯಿ

ನಾನು ಭೂಗೋಳದ ಮಾಸ್ತರ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲಾಗದ ಯಾವುದನ್ನೂ ನಂಬುವ ಅಭ್ಯಾಸ ನನಗಿರಲಿಲ್ಲ. ಸತ್ತವರು ಕನಸಿಗೆ ಬಂದು ನೀರು ಕೇಳಿದರು, ಕಾಗೆ ಪಿಂಡ ಮುಟ್ಟಲಿಲ್ಲ ಎಂದೆಲ್ಲ ಯಾರಾದರೂ ಹೇಳಿದರೆ ಮುಖಕ್ಕೆ ಹೊಡೆದ ಹಾಗೆ ನಕ್ಕುಬಿಡುತ್ತಿದ್ದೆ. ಆ ನಗೆಯಿಂದ ಎಷ್ಟು ಜನರ ಮನಸ್ಸು ನೋಯಿಸಿದ್ದೇನೋ ಲೆಕ್ಕವಿಲ್ಲ. ಈಗ ಬರೆಯಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆ ನಗೆ ನನಗೆ ಸಲ್ಲಬೇಕಾದದ್ದೇ. ಆದರೆ ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ, ಒಂದು ಚೂರೂ ಸೇರಿಸುವುದಿಲ್ಲ.

ನನ್ನ ಅಣ್ಣ ಗಜಾನನ, ನಮಗೆಲ್ಲ ಗಜಣ್ಣ, ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ಕಾರಕೂನನಾಗಿ ಸೇರಿದ. ಶಿರಸಿಯ ನಮ್ಮ ಮನೆಯಿಂದ ಬಂದೂಕು ಹಿಡಿಯಲು ಯಾರೂ ಹೋದವರಲ್ಲ. ಅವನೂ ಬಂದೂಕು ಹಿಡಿಯಲಿಲ್ಲ, ಟೈಪ್ ಮಾಡಲು ಹೋದ. ಹೋಗುವ ನಾಲ್ಕು ತಿಂಗಳ ಮೊದಲು ಮದುವೆಯಾಗಿತ್ತು. ಅತ್ತಿಗೆ ಭಾಗೀರಥಿ ಆಗ ಹದಿನಾರು ವರ್ಷದವಳು, ಸಿದ್ದಾಪುರದ ಕಡೆಯವಳು. ಅವನು ಈಜಿಪ್ಟಿನಿಂದ ಬರೆದ, ಆಮೇಲೆ ಇಟಲಿಯಿಂದ ಬರೆದ. ಕೊನೆಯ ಕಾಗದದಲ್ಲಿ ಊರಿನ ಹೆಸರನ್ನು ಮಿಲಿಟರಿಯವರು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಉಳಿದದ್ದು ಇಷ್ಟು: ಇಲ್ಲೊಂದು ಗುಡ್ಡ ಹಗಲೂ ಹೊಗೆ ಬಿಡುತ್ತದೆ, ಸಮುದ್ರ ಹತ್ತಿರವಿದೆ, ಓಣಿಗಳೆಲ್ಲ ನಮ್ಮ ಅಟ್ಟದ ಏಣಿಯಂತೆ ಕಡಿದು, ಮೇಲೆ ನೋಡಿದರೆ ಆಕಾಶದ ಬದಲು ಒಣಹಾಕಿದ ಬಟ್ಟೆ.

ನಾನು ಅಟ್ಲಾಸ್ ತೆಗೆದು ಆ ಊರು ನೇಪಲ್ಸ್ ಎಂದು ಕಂಡುಹಿಡಿದೆ. ಬಹಳ ಹೆಮ್ಮೆಯಿಂದ ನಮ್ಮಮ್ಮ ಆಯಿಗೂ ಅತ್ತಿಗೆಗೂ ತೋರಿಸಿದೆ. ಅವರಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಅದು ಹೊಗೆಗುಡ್ಡದ ಊರು ಎಂದೇ ಆಯಿತು. ಅದಾಗಿ ಸ್ವಲ್ಪ ದಿನಕ್ಕೆ ಅವನು ಕಾಣೆಯಾದನೆಂದು ತಂತಿ ಬಂತು. ಹಿಂದೆಯೇ ಒಂದು ಸರ್ಕಾರಿ ಕಾಗದ: ಒಂದು ದಿನದ ರಜೆಯ ಮೇಲೆ ಊರೊಳಗೆ ಹೋದವನು ತುಕಡಿಗೆ ವಾಪಸಾಗಲಿಲ್ಲ, ಹುಡುಕಿದರೂ ಸಿಕ್ಕಿಲ್ಲ. ಸತ್ತನೆಂದು ಬರೆದಿರಲಿಲ್ಲ. ಬದುಕಿದ್ದಾನೆಂದೂ ಬರೆದಿರಲಿಲ್ಲ.

ಹನ್ನೆರಡು ವರ್ಷ ಆ ಎರಡು ಸಾಲಿನ ನಡುವೆ ನಾವು ಬದುಕಿದೆವು. ಅತ್ತಿಗೆ ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅವಳ ಹಣೆ ಕಂಡಾಗಲೆಲ್ಲ ಕೇರಿಯ ಹೆಂಗಸರು ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಮುತ್ತೈದೆಯೆಂದು ಕರೆಯಬೇಕೋ ಬಿಡಬೇಕೋ ತಿಳಿಯದೆ ಅರಿಸಿನ ಕುಂಕುಮಕ್ಕೆ ಕರೆಯುವುದನ್ನೇ ಬಿಟ್ಟರು.

ನಮ್ಮಲ್ಲಿ ಒಂದು ಕ್ರಮವಿದೆ. ಮನೆ ಬಿಟ್ಟು ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ಅವನು ಸತ್ತನೆಂದೇ ತಿಳಿದು, ಮುತ್ತುಗದ ತೊಟ್ಟುಗಳಿಂದ ಆಳಿನ ಆಕಾರ ಕಟ್ಟಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು, ಹೆಣಕ್ಕೆ ಮಾಡುವ ಎಲ್ಲ ಸಂಸ್ಕಾರ ಮಾಡಿ ಸುಡುತ್ತಾರೆ. ಅಂದಿನಿಂದ ಹತ್ತನೆಯ ದಿನಕ್ಕೆ ಹೆಂಡತಿ ವಿಧವೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಹನ್ನೆರಡು ತುಂಬಿತು. ಸೋದರಮಾವ ಬಂದು ಕೂತ, ಮನೆಯ ಭಟ್ಟರು ಬಂದು ಕೂತರು. ಆಯಿ ನನ್ನ ಕೈ ಹಿಡಿದು, "ಎನ್ನ ಜೀವ ಹೋಪದ್ರೊಳಗೆ ಅವಂಗೊಂದು ಗತಿ ಕಾಣ್ಸು ಮಾರಾಯಾ" ಎಂದು ಅತ್ತಳು.

ಇಲ್ಲಿ ನನ್ನದೊಂದು ಸ್ವಾರ್ಥವಿತ್ತು, ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾಗುವುದಿಲ್ಲ. ನನಗೆ ಮೂವತ್ತೊಂದು. ಯಲ್ಲಾಪುರದ ಕಡೆ ಒಂದು ಸಂಬಂಧ ಎರಡು ವರ್ಷದಿಂದ ಕುದುರಿ ನಿಂತಿತ್ತು. ಹುಡುಗಿಯ ಅಪ್ಪ ನೇರ ಮನುಷ್ಯ. ಹಿರಿಮಗ ಇದ್ದಾನೋ ಇಲ್ಲವೋ ತಿಳಿಯದ ಮನೆಗೆ ಮಗಳನ್ನು ಕೊಡುವುದು ಹೇಗೆ, ಅದೊಂದು ತೀರ್ಮಾನವಾಗಲಿ ಎಂದುಬಿಟ್ಟಿದ್ದ. ನನಗೆ ಆ ಹುಡುಗಿ ಬೇಕಿತ್ತು. ಹೊಗೆಗುಡ್ಡದ ಊರು ನನ್ನ ಬದುಕಿಗೆ ಅಡ್ಡ ಮಲಗಿತ್ತು. ಕ್ರಿಯೆಯಲ್ಲಿ ನನಗೆ ನಂಬಿಕೆ ಇರಲಿಲ್ಲ, ಆದರೆ ಅದು ಆದಷ್ಟು ಬೇಗ ಮುಗಿಯಲಿ ಎಂದು ನನಗಿಂತ ಹೆಚ್ಚು ಬಯಸಿದವರು ಯಾರೂ ಇರಲಿಲ್ಲ.

ಅತ್ತಿಗೆ ಬೇಡವೆನ್ನಲಿಲ್ಲ. ಒಂದೇ ಮಾತು ಹೇಳಿದಳು. "ಆ ಊರು ಕಂಡವು ಯಾರಾದ್ರೂ ಇದ್ರೆ ಕರ್ಕಂಡು ಬಾ ತಮಾ. ಅದು ಎಂಥ ಊರು ಹೇಳಿ ಆನು ಕೇಳವು. ಆಮೇಲೆ ನೀನು ಹೇಳ್ದಾಂಗೆ ಮಾಡ್ತೆ."

ಊರು ಕಂಡವರಿಂದ ತಾನೇ ಕೇಳಬೇಕೆಂಬ ಆ ಮಾತಿನಲ್ಲಿ ತಪ್ಪೇನಿತ್ತು? ಸರ್ಕಾರ ಹೇಳದ್ದನ್ನು ಊರಾದರೂ ಹೇಳೀತು ಎಂದು ಅವಳ ಲೆಕ್ಕ. ಊರು ಒಳ್ಳೆಯದಾದರೆ ದಾರಿ ತಪ್ಪಿದವನನ್ನು ಯಾರೋ ಒಳಗೆ ಕರೆದಿರುತ್ತಾರೆ, ಅವನು ಎಲ್ಲೋ ಇದ್ದಾನೆ. ಕೆಟ್ಟದ್ದಾದರೆ ಇಲ್ಲ. ನಾನು ಹುಡುಕಲು ಹೊರಟೆ.

ಮೊದಲು ಸಿಕ್ಕವನು ಯಲ್ಲಾಪುರದ ಖಾಸಿಂಸಾಹೇಬ. ಮಿಲಿಟರಿಯಲ್ಲಿ ಲಾರಿ ಓಡಿಸಿದವನು, ಈಗ ಅಂಕೋಲೆಯಿಂದ ಹುಬ್ಬಳ್ಳಿಗೆ ಹಂಚು ಸಾಗಿಸುತ್ತಿದ್ದ. ಕೂತು ಮಾತಾಡಲು ಅವನಿಗೆ ಪುರುಸೊತ್ತಿರಲಿಲ್ಲ, ಲಾರಿ ಹತ್ತಿ ಎಂದ. ಅರಬೈಲ್ ಘಟ್ಟ ಇಳಿಯುವಷ್ಟು ಹೊತ್ತೂ ಅವನು ನೇಪಲ್ಸನ್ನು ಬೈದ. ಪ್ರತಿ ತಿರುವಿಗೂ ಒಂದು ಬೈಗುಳ.

"ನರಕ ಮಾಸ್ತರೇ, ನರಕ. ಬಂದರಿನಾಗ ಮುಳುಗಿದ ಹಡಗು, ಮೂಗು ಬಿಡೋ ಹಾಗಿಲ್ಲ ಅಂಥಾ ವಾಸನೆ. ಲಾರಿ ಓಡ್ತಿರುವಾಗನೇ ಹಿಂದಿಂದ ತಾಡಪತ್ರಿ ಬಿಚ್ಚಿ ಒಯ್ತಿದ್ರು, ಖರೇ ಹೇಳ್ತೀನಿ. ನಮ್ಮವ ಒಬ್ಬ ಓಣಿಯೊಳಗೆ ಹೋದ. ಮೂರು ದಿನಕ್ಕೆ ಬಂದರಿನ ನೀರಿನಾಗ ಸಿಕ್ಕ. ಮೈಮೇಲೆ ಬನಿಯನ್ ಕೂಡ ಬಿಟ್ಟಿರಲಿಲ್ಲ."

ಆ ಜನ ಒಂದು ಗವಿಯಲ್ಲಿ ಸತ್ತವರ ಬುರುಡೆಗಳನ್ನು ರಾಶಿ ಹಾಕಿಕೊಂಡು, ಹೆಂಗಸರೆಲ್ಲ ಕೂತು ಅವನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದರಂತೆ. ಅದನ್ನು ಹೇಳುವಾಗ ಅವನು ಎರಡೂ ಕೆನ್ನೆ ಮುಟ್ಟಿಕೊಂಡು "ತೌಬಾ" ಎಂದ. ಸ್ಟಿಯರಿಂಗ್ ಬಿಟ್ಟು ಮುಟ್ಟಿಕೊಂಡದ್ದರಿಂದ ನಾನೂ ಮನಸ್ಸಿನಲ್ಲೇ ಏನೇನೋ ದೇವರನ್ನು ನೆನೆದೆ.

ಎರಡನೆಯವನು ಶಿವಲಿಂಗಪ್ಪ. ಬನವಾಸಿಯಿಂದ ಗುಡ್ನಾಪುರದ ಕಡೆ ಹೋಗುವ ದಾರಿಯಲ್ಲಿ ಅವರ ಮನೆ, ಕಿರಾಣಿ ವ್ಯಾಪಾರ. ಯುದ್ಧದಲ್ಲಿ ಅವನು ರೇಶನ್ನಿನ ಉಗ್ರಾಣದಲ್ಲಿ ಹಿಟ್ಟು ತೂಗುತ್ತಿದ್ದ. ಅವನೂ ಅದೇ ವರ್ಷ, ಅದೇ ಊರಿನಲ್ಲಿದ್ದ. "ಬರ್ರಿ, ಕುಂದರ್ರಿ" ಎಂದು ಕೂರಿಸಿ, ನೇಪಲ್ಸ್ ಎಂದ ಕೂಡಲೇ ಮದುವೆಯ ಮಾತು ಬಂದವನಂತೆ ಅರಳಿಬಿಟ್ಟ.

"ಅಂಥಾ ಊರು ನಾ ಎಲ್ಲೂ ನೋಡಿಲ್ಲರಿ. ಮ್ಯಾಲಿನ ಅಂತಸ್ತಿನಾಕಿ ಹಗ್ಗ ಕಟ್ಟಿ ಬುಟ್ಟಿ ಇಳಿ ಬಿಡ್ತಾಳ, ಕೆಳಗಿನಾಂವ ರೊಟ್ಟಿ ಇಡ್ತಾನ. ಓಣಿ ತುಂಬ ಹಾಡು. ಹೊಟ್ಟಿಗೆ ಇಲ್ಲರಿ ಅವರಿಗೆ, ಆದ್ರೂ ಹಾಡು. ನನಗ ಜ್ವರ ಬಂದು ಒಂದು ಮೆಟ್ಟಲ ಮ್ಯಾಲೆ ಬಿದ್ದಿದ್ದೆ. ನೀರು ಅಂತ ಕೈಸನ್ನಿ ಮಾಡಿದೆ. ಒಬ್ಬಾಕಿ ಮುದುಕಿ ಒಳಗ ಕರಕೊಂಡು ಹೋಗಿ ಮೂರು ದಿನ ಹಣಿಗೆ ಹಸಿ ಅರಿವಿ ಹಾಕಿ ಕುಂತ್ಲು. ನಮ್ಮವ್ವ ಕುಂತಾಂಗ."

ನಾನು ಬುರುಡೆಗಳ ಸಂಗತಿ ಕೇಳಿದೆ. ಲಾರಿಯವನು ಹೇಳಿದ್ದು ಸುಳ್ಳೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ಹೌದೆಂದ. ಅವು ಹೆಸರಿಲ್ಲದೆ, ದಿಕ್ಕಿಲ್ಲದೆ ಸತ್ತವರ ಬುರುಡೆಗಳಂತೆ. ಯಾರಿಗೂ ಬೇಡವಾದ ಆ ಸತ್ತವರನ್ನು ಊರ ಹೆಂಗಸರು ಒಬ್ಬೊಬ್ಬರು ಒಂದೊಂದನ್ನು ದತ್ತು ತೆಗೆದುಕೊಂಡು, ಒರೆಸಿ, ದೀಪ ಇಟ್ಟು, ಹೆಸರಿಟ್ಟು ಮಾತಾಡಿಸುತ್ತಾರಂತೆ. ಅವನನ್ನು ನೋಡಿಕೊಂಡ ಮುದುಕಿಯೇ ಅಲ್ಲಿಗೆ ಕರೆದೊಯ್ದಿದ್ದಳು. "ಕೆಲವು ಬುರುಡಿ ಬೆವರತಾವ್ರಿ. ಒಣಗಿದ್ರ ಆ ಜೀವಕ್ಕ ಶಾಂತಿ ಆಗೈತಿ ಅಂತ. ಬೆವತ್ರ ಇನ್ನೂ ತಮ್ಮೋರನ್ನ ಕರೀಲಿಕ್ಕತ್ತೈತಿ ಅಂತ. ಆಕಿ ಹೇಳಿದ್ಲು, ನಾ ಅರ್ಧಾ ತಿಳಕೊಂಡೆ" ಎಂದ. ನಾನು ಎಂದಿನಂತೆ ನಕ್ಕೆ. ನೆಲಮಾಳಿಗೆಯ ಥಂಡಿ ಎಂದೆ. ಅವನು ನಗಲಿಲ್ಲ.

ಬೀಳ್ಕೊಡುವಾಗ ಇನ್ನೊಂದು ಮಾತು ಹೇಳಿದ. ಅಂಥ ಊರು ಬಿಟ್ಟು ಬರಲಾರದೆ ಯುದ್ಧ ಮುಗಿದ ಮೇಲೂ ಅಲ್ಲೇ ಉಳಿದ ನಮ್ಮ ಕಡೆಯವರು ಒಬ್ಬಿಬ್ಬರು ಇದ್ದಾರೆಂದು ಆಗ ಕೇಳಿದ್ದನಂತೆ. "ಕರೀರಿ, ಬಂದು ನಿಮ್ಮ ಅತ್ತಿಗಿ ಮುಂದ ಎಲ್ಲಾ ಹೇಳ್ತೀನಿ" ಎಂದ.

ಶಿರಸಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ತೀರ್ಮಾನ ಎಂಬುದು ದೊಡ್ಡ ಮಾತಾಯಿತು. ಖಾಸಿಂಸಾಹೇಬನೊಬ್ಬನನ್ನೇ ಕರೆದೆ. ಶಿವಲಿಂಗಪ್ಪನೆಂಬ ಮನುಷ್ಯ ಈ ಭೂಮಿಯ ಮೇಲಿದ್ದಾನೆಂಬುದನ್ನೇ ಮನೆಯಲ್ಲಿ ಹೇಳಲಿಲ್ಲ.

ಖಾಸಿಂಸಾಹೇಬ ಒಂದು ಮಧ್ಯಾಹ್ನ ಶುಭ್ರ ಬಟ್ಟೆ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತ. ಅತ್ತಿಗೆ ಬಾಗಿಲ ಹಿಂದೆ. ಲಾರಿಯಲ್ಲಿ ಕೇಳಿದ ಅಬ್ಬರ ಆ ದಿನ ಅವನಲ್ಲಿರಲಿಲ್ಲ. ಹೆಂಗಸೊಬ್ಬಳು ಕೇಳುತ್ತಿದ್ದಾಳೆಂದು ಮಾತು ಎಷ್ಟು ಮೆತ್ತಗೆ ಮಾಡಿದನೋ ಅಷ್ಟೂ ಅದು ಭಯಂಕರವಾಯಿತು. ಅವನು ಮುಗಿಸಿದ ಮೇಲೆ ಒಳಗಿಂದ ಅತ್ತಿಗೆ ನನಗೆ ಹೇಳಿದಳು, "ಬಾಯಾರಿ ಹೋದವಂಗೆ ಆ ಊರಲ್ಲಿ ನೀರು ಸಿಕ್ತಿತ್ತ ಕೇಳು ತಮಾ."

ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಅವನೇ ತಲೆ ತಗ್ಗಿಸಿ, "ನನಗೆ ಯಾರೂ ಕೊಡಲಿಲ್ಲ ತಾಯಿ" ಎಂದ.

ಬಾಗಿಲ ಹಿಂದೆ ಅತ್ತಿಗೆಯ ಬಳೆ ಸದ್ದಾಯಿತು. ಆಮೇಲೆ, "ಆತು. ಮಾಡು" ಎಂದಳು. ಖಾಸಿಂಸಾಹೇಬ ಒಂದು ಸುಳ್ಳನ್ನೂ ಹೇಳಲಿಲ್ಲ, ಅವನು ಕಂಡ ಊರು ಅದೇ. ಸುಳ್ಳು ಹೇಳಿದವನು ನಾನು, ಬಾಯಿ ತೆರೆಯದೆ. ನೀರು ಕೊಟ್ಟ ಮುದುಕಿಯೊಬ್ಬಳು ನನ್ನ ಗಂಟಲಲ್ಲಿ ಕೂತಿದ್ದಳು, ನಾನು ಅವಳನ್ನು ನುಂಗಿಕೊಂಡೆ.

ಇನ್ನು ಆ ದಿನದ ಸಂಗತಿ. ಮಾಘ ಮಾಸ. ತಿಂಗಳುಗಟ್ಟಲೆಯಿಂದ ಒಂದು ಹನಿ ಬಿದ್ದಿರಲಿಲ್ಲ, ಅಂಗಳದ ನೆಲ ಬಿರುಕು ಬಿಟ್ಟಿತ್ತು, ತುಟಿ ಒಡೆಯುವಷ್ಟು ಒಣ ಚಳಿ. ಕ್ರಿಯೆಯ ಹಿಂದಿನ ಸಂಜೆ ಭಟ್ಟರು ಮುತ್ತುಗದ ತೊಟ್ಟುಗಳನ್ನು ಎಣಿಸಿ ತಲೆಗಿಷ್ಟು, ಎದೆಗಿಷ್ಟು, ಕೈಕಾಲಿಗಿಷ್ಟು ಎಂದು ಕಟ್ಟಿಟ್ಟರು. ತಲೆಗೆ ಹಸಿ ಕಾಯಿ ಬೇಡ, ಬೇಗ ಉರಿ ಹತ್ತುವುದಿಲ್ಲ ಎಂದರು. ನಾನೇ ಅಟ್ಟ ಹತ್ತಿ ಹಳೆಯ ಕಾಯಿಯೊಂದನ್ನು ಆರಿಸಿ ತಂದೆ. ನೀರೆಲ್ಲ ಬತ್ತಿ ಹೋಗಿತ್ತು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಲೊಟಲೊಟ ಎನ್ನುತ್ತಿತ್ತು. ನಾರು ಸುಲಿದು, ಜಗಲಿಯ ಮೂಲೆಯಲ್ಲಿ ಒಂದು ಬುಟ್ಟಿಯಲ್ಲಿಟ್ಟು, ಮೇಲೆ ಮತ್ತೊಂದು ಬುಟ್ಟಿ ಕವುಚಿದೆ. ಇಷ್ಟು ವಿವರ ಯಾಕೆಂದರೆ, ಆಮೇಲೆ ಇದನ್ನೆಲ್ಲ ನೂರಾರು ಸಲ ನಾನೇ ನನ್ನನ್ನು ಪಾಟಿಸವಾಲು ಮಾಡಿ ಕೇಳಿದ್ದೇನೆ.

ಬೆಳಿಗ್ಗೆ ಸ್ನಾನ ಮಾಡಿ ಬಂದು ಬುಟ್ಟಿ ತೆಗೆದೆ. ಕಾಯಿ ಒದ್ದೆಯಾಗಿತ್ತು.

ನೀರು ಚೆಲ್ಲಿದ ಹಾಗಲ್ಲ. ಸಣ್ಣ ಸಣ್ಣ ಹನಿ, ಸಾಸಿವೆ ಕಾಳಿನಷ್ಟು, ಚಿಪ್ಪಿನ ಮೈತುಂಬ ಎದ್ದು ನಿಂತಿದ್ದವು. ಕೆಳಗಿನ ಬುಟ್ಟಿ ಒಣಗಿತ್ತು, ಪಕ್ಕದಲ್ಲಿದ್ದ ತೊಟ್ಟುಗಳೂ ಒಣಗಿದ್ದವು. ಮಂಜು ಎಂದುಕೊಂಡೆ, ಮಂಜಾದರೆ ಕವುಚಿದ ಬುಟ್ಟಿಯೂ ನೆನೆಯಬೇಕಿತ್ತಲ್ಲ? ಪಂಚೆಯ ತುದಿಯಿಂದ ಚೆನ್ನಾಗಿ ಒರೆಸಿದೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಅದೇ ಒಣ ಸದ್ದು. ಮೂರು ಕಣ್ಣುಗಳನ್ನೂ ಉಗುರಿನಿಂದ ಒತ್ತಿ ನೋಡಿದೆ, ಎಲ್ಲೂ ಬಿರುಕಿರಲಿಲ್ಲ. ಕೆಳಗಿಟ್ಟು ಭಟ್ಟರಿಗೆ ದರ್ಭೆ ಕೊಟ್ಟು ತಿರುಗುವಷ್ಟರಲ್ಲಿ ಮತ್ತೆ ಹನಿ ಒಡೆದಿತ್ತು.

ಆಗ ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಬೆರಳಿನಿಂದ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ಶಿವಲಿಂಗಪ್ಪನ ಜಗಲಿ, ನನ್ನ ನಗೆ, ಅವನು ನಗದೆ ಕೂತದ್ದು ಎಲ್ಲ ಒಮ್ಮೆಗೇ ಕಣ್ಣೆದುರು ಬಂದವು. ಬೆವರಿದರೆ ಇನ್ನೂ ತಮ್ಮವರನ್ನು ಕರೆಯುತ್ತಿದೆ ಎಂದರ್ಥ. ಈ ಮಾತು ಆ ಮನೆಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಯಾರಿಗೂ ಹೇಳದೆ ನಾನು ಮುಚ್ಚಿಟ್ಟ ಮಾತೇ ಬುಟ್ಟಿಯಲ್ಲಿ ಕೂತು ನನ್ನನ್ನು ನೋಡುತ್ತಿತ್ತು. ನಾನು ಇನ್ನೊಮ್ಮೆ ಒರೆಸಿದೆ.

ಭಟ್ಟರು ಕೈಗೆ ತೆಗೆದುಕೊಂಡಾಗ, "ಎಂತ, ಹಸಿ ಕಾಯಿಯನ್ನೇ ತಂದ್ಯ?" ಎಂದು ಗೊಣಗಿದರು. ಆಗಲೂ ಹೊತ್ತು ಮೀರಿರಲಿಲ್ಲ. ನಿಲ್ಲಿಸಿ ಎನ್ನಬಹುದಿತ್ತು. ಬನವಾಸಿಯಲ್ಲಿ ಇನ್ನೊಬ್ಬನಿದ್ದಾನೆ, ಅವನನ್ನು ಕರೆಸೋಣ, ಅತ್ತಿಗೆ ಅವನದ್ದೂ ಕೇಳಲಿ ಎನ್ನಬಹುದಿತ್ತು. ಮಾವ ದುರುಗುಟ್ಟುತ್ತಿದ್ದ, ಆಯಿ ಒಳಗೆ ಅಳುತ್ತಿದ್ದಳು, ಯಲ್ಲಾಪುರದ ಹುಡುಗಿಯ ಅಪ್ಪ ವೈಶಾಖದಲ್ಲಿ ಮುಹೂರ್ತ ನೋಡಿಸಿದ್ದ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಆ ಹೊತ್ತಿಗೆ ನನಗೆ ರೂಢಿಯಾಗಿಬಿಟ್ಟಿತ್ತು.

ಊರ ಹೊರಗಿನ ಹಳ್ಳದ ದಂಡೆಯಲ್ಲಿ, ಹಾಡುಹಗಲು, ಬಿಸಿಲು ಚುರುಗುಟ್ಟುವ ಹೊತ್ತಿಗೆ ಚಿತೆಯ ಮೇಲೆ ಅದನ್ನು ಮಲಗಿಸಿದೆವು. ಮೂರನೆಯ ಸಲ ಅಲ್ಲಿ ಒರೆಸಿದೆ. ಗಜಣ್ಣ ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸುತ್ತಿದ್ದ ರೀತಿಯಲ್ಲೇ ಒರೆಸಿದೆನೆಂದು ಆಮೇಲೆ ಹೊಳೆಯಿತು. ಬೆಂಕಿ ಕೊಟ್ಟೆ. ಮುತ್ತುಗದ ತೊಟ್ಟು ಕಾಗದದಂತೆ ಉರಿದುಹೋದವು. ಎಣ್ಣೆ ತುಂಬಿದ ಒಣ ಕೊಬ್ಬರಿಯ ಕಾಯಿ ಎಲ್ಲಕ್ಕಿಂತ ಮೊದಲು ಭುಗಿಲೆನ್ನಬೇಕಿತ್ತು. ಅದು ಎಲ್ಲಕ್ಕಿಂತ ಕೊನೆಗೆ, ಹಸಿ ಕಟ್ಟಿಗೆಯಂತೆ ಸುಂಯ್ ಸುಂಯ್ ಎನ್ನುತ್ತ, ಬಹಳ ಹೊತ್ತು ತೆಗೆದುಕೊಂಡು ಹೊತ್ತಿತು. ಭಟ್ಟರು ಎರಡು ಸಲ ತುಪ್ಪ ಹಾಕಿಸಿದರು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಹತ್ತನೆಯ ದಿನ ಕೇರಿಯ ಹೆಂಗಸರು ಬರುವ ಮೊದಲೇ ಅತ್ತಿಗೆ ತಾನೇ ಬಾವಿಕಟ್ಟೆಗೆ ಹೋಗಿ ಕುಂಕುಮ ತೊಳೆದುಕೊಂಡು ಬಂದಿದ್ದಳು. ಅವಳ ಹಣೆಯಲ್ಲಿ ಹನ್ನೆರಡು ವರ್ಷದ ಕುಂಕುಮದ ಗುರುತು ಬಿಳಿಚಿಕೊಂಡು ಉಳಿದಿತ್ತು. ಅವಳಿಗಾಗ ಮೂವತ್ತು ವರ್ಷ. ವೈಶಾಖದಲ್ಲಿ ನನ್ನ ಮದುವೆಯಾಯಿತು. ಅತ್ತಿಗೆ ಹಿಂದಿನ ಕೋಣೆಯಲ್ಲಿ ಕೂತು ಅಕ್ಕಿ ಆರಿಸಿದಳು, ಮಂಟಪದ ಕಡೆ ಬರುವ ಹಾಗಿರಲಿಲ್ಲವಲ್ಲ. ನನ್ನ ಹೆಂಡತಿ ಒಳ್ಳೆಯವಳು. ಆದರೆ ಆ ಮದುವೆಯ ಯಾವ ಸಂತೋಷವನ್ನೂ ನಾನು ಪೂರ್ತಿಯಾಗಿ ಉಂಡಿಲ್ಲ. ಸಂತೋಷ ಬಾಯಿಗೆ ಬರುವಷ್ಟರಲ್ಲಿ ಉಪ್ಪು ರುಚಿಸುತ್ತದೆ.

ಆಯಿ ಮಾತ್ರ ಮಗನಿಗೆ ಗತಿ ಕಂಡಿತೆಂಬ ಸಮಾಧಾನದಲ್ಲಿ ಎರಡು ವರ್ಷದ ಮೇಲೆ ಕಣ್ಣು ಮುಚ್ಚಿದಳು. ಶಾಲೆಯಲ್ಲಿ ಯುರೋಪಿನ ಪಾಠ ಬಂದಾಗ ನಾನು ಬೂಟಿನ ಆಕಾರದ ಆ ದೇಶವನ್ನು ಬೇಗ ಬೇಗ ದಾಟಿಬಿಡುತ್ತೇನೆ. ದೊಡ್ಡ ಊರುಗಳ ಹೆಸರು ಬರೆಸುವಾಗ ಒಂದನ್ನು ಬಿಟ್ಟುಬಿಡುತ್ತೇನೆ. ಮಿಲಿಟರಿಯವರು ಬ್ಲೇಡಿನಿಂದ ಮಾಡಿದ್ದನ್ನು ನಾನು ಸೀಮೆಸುಣ್ಣದಿಂದ ಮಾಡುತ್ತಿದ್ದೇನೆ.

ವಿಜ್ಞಾನದ ಮಾಸ್ತರನ್ನು ಸುಮ್ಮನೆ ಕೇಳುವವನಂತೆ ಕೇಳಿದ್ದೇನೆ, ಒಣಗಿದ ಕಾಯಿ ಬೆವರಬಹುದೇ ಎಂದು. ಅವರು ಹವೆಯ ತೇವದ ಸಂಗತಿ ಹೇಳಿದರು. ಮಾಘದಲ್ಲಿ ಎಲ್ಲಿಯ ತೇವ? ಉಪ್ಪು ಎಲ್ಲಿಂದ? ನನ್ನ ಕೈಯದೇ ಬೆವರಾಗಿದ್ದರೆ ಮುಟ್ಟದೆ ಇಟ್ಟಾಗ ಒಡೆದ ಹನಿ ಯಾರದು? ಬರೀ ನನ್ನ ಅಳುಕಾಗಿದ್ದರೆ ಭಟ್ಟರ ಕೈಗೆ ಹಸಿ ಹತ್ತಿದ್ದು ಹೇಗೆ? ಉತ್ತರ ಸಿಕ್ಕಿಲ್ಲ. ಸಿಕ್ಕರೂ ನನಗೆ ಬೇಕಾದದ್ದು ಅದಲ್ಲ. ಅವನು ಸತ್ತು ದಿಕ್ಕಿಲ್ಲದೆ ಕರೆಯುತ್ತಿದ್ದನೋ, ಬದುಕಿದ್ದು ನನ್ನನ್ನು ಸುಡಬೇಡ ಎನ್ನುತ್ತಿದ್ದನೋ? ಅದು ಖಾಸಿಂಸಾಹೇಬನ ಊರೋ, ಶಿವಲಿಂಗಪ್ಪನ ಊರೋ? ಒಂದೇ ಊರನ್ನು ಇಬ್ಬರು ಕಂಡರು, ನಾನು ಕಾಣಲೇ ಇಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸಿದವನು ನಾನು.

ಇನ್ನೊಂದು ಸಂಗತಿ ಉಳಿದಿದೆ. ಕ್ರಿಯೆಯಾಗಿ ಆರೇಳು ವರ್ಷದ ಮೇಲೆ ಒಂದು ದಿನ ಶಾಲೆಯಿಂದ ಊಟಕ್ಕೆ ಮನೆಗೆ ಬಂದೆ. ಹೆಂಡತಿ ತವರಿಗೆ ಹೋಗಿದ್ದಳು. ಅತ್ತಿಗೆ ಎಲೆ ಹಾಕಿ ಬಡಿಸಿದಳು. ಬೆಳಿಗ್ಗೆ ಯಾರೋ ಬಂದಿದ್ದರು ಎಂದಳು. ಬನವಾಸಿಯ ಕಡೆಯ ಶಿವಲಿಂಗಪ್ಪ ಎಂಬುವರು, ಸಂತೆಗೆ ಬಂದವರು, ಮಾಸ್ತರು ಯಾಕೆ ನನ್ನನ್ನು ಕರೆಸಲೇ ಇಲ್ಲ ಎಂದು ಕೇಳಿಕೊಂಡು ಬಂದಿದ್ದರಂತೆ. ಬಹಳ ಹೊತ್ತು ಜಗಲಿಯಲ್ಲಿ ಕೂತು ಆ ಊರಿನ ಸುದ್ದಿ ಹೇಳಿದರಂತೆ. ಮುದುಕಿ ನೀರು ಕೊಟ್ಟದ್ದು, ಹಣೆಗೆ ಬಟ್ಟೆ ಹಾಕಿದ್ದು, ಬುರುಡೆಗಳು, ಬೆವರು, ಎಲ್ಲ.

ತುತ್ತು ಕೈಯಲ್ಲೇ ಉಳಿಯಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಮಜ್ಜಿಗೆ ಬಡಿಸಿ ಅಲ್ಲೇ ಗೋಡೆಗೊರಗಿ ಕೂತಳು.

"ಆ ದಿನ ಬೆಳಗಾಪದ್ರೊಳಗೆ ಜಗಲಿ ಮೇಲೆ ನೀನು ಕಾಯಿ ಒರೆಸದು ಆನು ಅಡುಗೆಮನೆ ಕಿಟಕಿಯಿಂದ ನೋಡಿದ್ದಿ ತಮಾ" ಎಂದಳು. "ಎಂತಕ್ಕೆ ಒರೆಸ್ತ ಹೇಳಿ ಆಗ ಗೊತ್ತಾಜಿಲ್ಲೆ."

ನಾನು ಅನ್ನಕ್ಕೆ ಮಜ್ಜಿಗೆ ಕಲಸಿದೆ.

"ಕಡೆಗೆ ಒಣಗಿತ್ತ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷದ ಮೇಲೂ ಅದರಲ್ಲಿ ಒಂದು ಆಸೆ ಇತ್ತು. ಯಾವುದರ ಆಸೆ ಎಂದು ನನಗೆ ತಿಳಿಯಲಿಲ್ಲ. ಒಣಗಿತ್ತು ಎಂದರೆ ಅವನಿಗೆ ಶಾಂತಿ, ಇಲ್ಲವೆಂದರೆ ಅವನು ಇದ್ದಾನು. ಎರಡರಲ್ಲಿ ಯಾವುದು ಅವಳಿಗೆ ಬೇಕಿತ್ತೋ ಕೇಳುವ ಯೋಗ್ಯತೆ ನನಗೆಲ್ಲಿತ್ತು?

"ಒಣಗಿತ್ತು" ಎಂದೆ. ಅದು ನಾನು ಅವಳಿಗೆ ಹೇಳಿದ ಎರಡನೆಯ ಸುಳ್ಳು.

ಅತ್ತಿಗೆ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಮಜ್ಜಿಗೆಯ ಪಾತ್ರೆ ಎತ್ತಿಕೊಂಡಳು.

"ಹಣೆ ಒರಸ್ಕ ತಮಾ. ಬೆವತ್ತಿದ್ದು."

ಒಳಗೆ ಹೋದಳು. ನಾನು ಎಡಗೈಯಿಂದ ಪಂಚೆಯ ತುದಿ ಎತ್ತಿ ಒರೆಸಿಕೊಂಡೆ. ಮತ್ತೆ ಬೆವರಿತು.